ಬಿಗಿಯಣ್ಣನ ಕೈಗುಣ

ಆ ಬೀದಿಯಲ್ಲಿ ತೆರೆಯಲಾಗದ ಡಬ್ಬಿ, ತಿರುಗದ ನಲ್ಲಿ ಎಲ್ಲಿ ಕಂಡರೂ ಇದು ಯಾರ ಕೈವಾಡ ಎಂದು ಯಾರೂ ಕೇಳುತ್ತಿರಲಿಲ್ಲ. ಬಿಗಿಯಣ್ಣ ಬಂದು ಹೋಗಿದ್ದಾನೆ, ಅಷ್ಟೇ. ಎಂಜಿನ್ ಮೆಕ್ಯಾನಿಕ್ ಎಂದು ದೊಡ್ಡ ಬೋರ್ಡು ನೇತುಹಾಕಿಕೊಂಡಿದ್ದ ಆ ಮಹಾಶಯನಿಗೆ ಬರುತ್ತಿದ್ದ ವಿದ್ಯೆ ಒಂದೇ, ಬಿಗಿ ಮಾಡುವುದು. ಸ್ಪ್ಯಾನರಿಗೆ ಮಾರುದ್ದದ ಪೈಪು ಸಿಕ್ಕಿಸಿ, ಹಲ್ಲು ಕಚ್ಚಿ ಜೋತುಬೀಳುತ್ತಿದ್ದ. ಬೋಲ್ಟು ಕಿರ್ರೆಂದರೆ ಅವನ ಮುಖಕ್ಕೆ ಮದುವೆಯ ಕಳೆ. "ಸಡಿಲ ಬಿಟ್ರೆ ಕೆಡುತ್ತೆ. ಯಂತ್ರ ಆಗ್ಲಿ, ಹೆಂಗಸರಾಗ್ಲಿ" ಎಂದು ಹೇಳಿ ನಗುತ್ತಿದ್ದ. ಬೇರೆ ಯಾರೂ ನಗುತ್ತಿರಲಿಲ್ಲ.

ಅವನ ತಂಗಿ, ಗಂಡ ಸತ್ತ ಮೇಲೆ ಗಂಡನ ಹಿಟ್ಟಿನ ಗಿರಣಿಯನ್ನು ತಾನೇ ನಡೆಸುತ್ತಿದ್ದಳು. ಅಣ್ಣನಿಗೆ ಅದು ಕಣ್ಣುರಿ. "ಗಿರಣಿ ಮುಚ್ಚಿ ನಮ್ಮನೆಗೆ ಬಾ, ನಿಮ್ಮತ್ತಿಗೆಗೂ ಆಸರೆ ಆಗುತ್ತೆ" ಎನ್ನುತ್ತಿದ್ದ. ಸಂಬಳವಿಲ್ಲದ ಅಡುಗೆಯವಳು ಬೇಕಾಗಿತ್ತು, ಇನ್ನೇನು! "ಎಂಜಿನ್ ನಿಂತ ದಿನ ನೋಡೋಣ ಬಿಡು" ಎಂದು ಅವಳು ಮಾತು ತೇಲಿಸುತ್ತಿದ್ದಳು. ಅಷ್ಟರಲ್ಲಿ ಎಂಜಿನ್ ಟಕಟಕ ಬಡಿಯತೊಡಗಿತು.

ಅದರ ಹೊಟ್ಟೆಯೊಳಗಿನ ವ್ಯವಹಾರವನ್ನು ಗಂಡ ಅವಳಿಗೆ ಹೇಳಿಕೊಟ್ಟಿದ್ದ. ಪಿಸ್ಟನ್ನಿಗೆ ಮೇಲೆ ಕೆಳಗೆ ಹೋಗುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಸೈಕಲ್ ತುಳಿಯುವ ಕಾಲು ಏರಿಳಿದರೆ ಚಕ್ರ ಸುತ್ತುವ ಹಾಗೆ, ಆ ಏರಿಳಿತವನ್ನು ಸುತ್ತಾಗಿಸಿ ಬೀಸುವ ಕಲ್ಲಿಗೆ ಮುಟ್ಟಿಸುವುದು ಡೊಂಕು ಮೈಯ ಕ್ರ್ಯಾಂಕು. ಪಿಸ್ಟನ್ನಿನ ನಾಲ್ಕು ಓಟದಲ್ಲಿ ಡೀಸೆಲ್ ಉರಿದು ದಬ್ಬುವುದು ಒಂದರಲ್ಲಿ ಮಾತ್ರ. ಉಳಿದ ಮೂರನ್ನು ಕ್ರ್ಯಾಂಕಿನ ತುದಿಯ ಭಾರದ ಗಾಲಿ ತನ್ನ ರಭಸದಲ್ಲೇ ದಾಟಿಸುತ್ತದೆ. ಪಿಸ್ಟನ್ನಿನ ರಾಡು ಕ್ರ್ಯಾಂಕನ್ನು ಹಿಡಿಯುವ ಕಡೆ ಬೇರಿಂಗು. ಅಲ್ಲಿ ಕೂದಲೆಳೆಯಷ್ಟು ಸಂದು ಇರಬೇಕು, ಸಂದಿನಲ್ಲಿ ಎಣ್ಣೆ ಇರಬೇಕು. ಲೋಹಕ್ಕೆ ಲೋಹ ತಾಗಿದರೆ ಕೆಟ್ಟಿತು.

ಆ ಸಂದು ಸವೆದು ದೊಡ್ಡದಾಗಿತ್ತು. ಕ್ರ್ಯಾಂಕನ್ನು ಉಜ್ಜಿಸಿ ಹೊಸ ಬೇರಿಂಗು ಹಾಕಬೇಕೆಂದು ಲೇತ್ ಅಂಗಡಿಯವನು ಹೇಳಿದ. "ನಾನು ಬದುಕಿರೋವಾಗ ಕಂಡೋರ ಹತ್ರ ಯಾಕೆ?" ಎಂದು ಬಿಗಿಯಣ್ಣ ಬಂದೇಬಿಟ್ಟ. ಒಡಹುಟ್ಟಿದವನು, ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ.

ಹಳೆಯ ಡಬ್ಬಿಯ ತಗಡು ಕತ್ತರಿಸಿ ಬೇರಿಂಗಿನ ಬೆನ್ನಿಗೆ ತುರುಕಿ, ಅವನು ಪೈಪಿಗೆ ಜೋತುಬಿದ್ದ.

"ಅಣ್ಣ, ಎಣ್ಣೆಗೆ ಸಂದು ಬೇಡ್ವಾ?"

"ಸಂದಿರೋದಕ್ಕೇ ಕಣೇ ಸದ್ದು. ಬಾಯ್ಮುಚ್ಕೊಂಡು ಟಾರ್ಚ್ ಹಿಡಿ."

ಎಂಜಿನ್ ಚಾಲೂ ಮಾಡುವ ಹ್ಯಾಂಡಲ್ ತಿರುಗಿಸಲು ಇಬ್ಬರು ಬೇಕಾದರು. ಅದೂ ಅವನಿಗೆ ಹೆಮ್ಮೆಯೇ. ಎಂಜಿನ್ ಸದ್ದಿಲ್ಲದೆ ಓಡಿತು. ಅವನು ಮೀಸೆ ತಿರುವಿ, ಹೋಗುವಾಗ ಹಿಂಬಾಗಿಲ ಚಿಲಕ ಅಲ್ಲಾಡುತ್ತಿದೆಯೆಂದು ಅದನ್ನೂ ಬಡಿದು ಬಿಗಿ ಮಾಡಿದ. ಆಮೇಲಿಂದ ಅದು ಸರಳಿನ ಏಟು ಬೀಳದೆ ಸರಿಯುತ್ತಿರಲಿಲ್ಲ.

ಮೊದಲ ಗಿರಾಕಿಯ ಮೂಟೆ ಅರ್ಧವೂ ಆಗಿರಲಿಲ್ಲ. ಸುಟ್ಟ ವಾಸನೆ ಬಂತು, ಎಂಜಿನ್ ಚೀರಿ ಕಚ್ಚಿಕೊಂಡು ನಿಂತಿತು. ಬಿಚ್ಚಿ ನೋಡಿದರೆ ಕ್ರ್ಯಾಂಕು ಕಾದು ನೀಲಿಯಾಗಿತ್ತು. "ನಿನ್ನ ಎಣ್ಣೆ ಸರಿಯಿಲ್ಲ" ಎಂದ ಬಿಗಿಯಣ್ಣ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಾಲದ್ದಕ್ಕೆ, "ಗಿರಣಿ ಸಹವಾಸ ಸಾಕು, ಗಂಟುಮೂಟೆ ಕಟ್ಟು. ಮುಂದಿನ ವಾರ ಗಾಡಿ ತರ್ತೀನಿ" ಎಂದು ಅಪ್ಪಣೆ ಕೊಡಿಸಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಅವಳು ಕ್ರ್ಯಾಂಕನ್ನೂ ಸುಟ್ಟ ಬೇರಿಂಗನ್ನೂ ಗೋಣಿಯಲ್ಲಿ ಸುತ್ತಿ ಲೇತ್ ಅಂಗಡಿಗೆ ಒಯ್ದಳು. ತಗಡಿನ ಚೂರು ನೋಡಿ ಅವನು, "ಯಾರಮ್ಮ ಈ ಮಹಾನುಭಾವ?" ಎಂದ.

"ನಮ್ಮಣ್ಣ."

"ಓಹೋ" ಎಂದು ಅವನು ನಾಲಿಗೆ ಕಚ್ಚಿಕೊಂಡ. ಕ್ರ್ಯಾಂಕು ಉಜ್ಜಿ, ಹೊಸ ಬೇರಿಂಗಿನೊಂದಿಗೆ ತಾನೇ ಬಂದು ಕೂಡಿಸಿದ. ಬೋಲ್ಟನ್ನು ಬೇಕಾದಷ್ಟು ತಿರುಗಿಸಿ ಕೈ ತೆಗೆದುಬಿಟ್ಟ. ಸಾಕು ಎನ್ನುವ ಗಂಡಸನ್ನು ಅವಳು ತವರಿನ ಕಡೆ ಕಂಡೇ ಇರಲಿಲ್ಲ.

ಮುಂದಿನ ವಾರ ಬಿಗಿಯಣ್ಣ ಗಾಡಿ ತಂದ. ಮುಂಬಾಗಿಲಲ್ಲಿ ಗಿರಾಕಿಗಳು ತುಂಬಿದ್ದರು, ಕಲ್ಲು ಗುರ್ರೆಂದು ತಿರುಗುತ್ತಿತ್ತು. ಅವರ ಮುಂದೆ ಹೇಗೆ ನಿಲ್ಲುವುದು? ಹಿಂದಿನಿಂದ ಬಂದು ಬಾಗಿಲು ಬಡಿದ. "ತೆಗಿಯೇ! ಒಳಗೇನ್ ಮಾಡ್ತಿದ್ದೀಯ?"

ಅವಳು ಚಿಲಕದ ಮೇಲೆ ಕೈಯಿಟ್ಟಳು. ಕಬ್ಬಿಣದ ಸರಳು ಕಾಲ ಬುಡದಲ್ಲೇ ಬಿದ್ದಿತ್ತು. ಅದನ್ನು ಒಮ್ಮೆ ನೋಡಿದಳು.

"ಬರ್ತಿಲ್ಲ ಅಣ್ಣ. ನೀನೇ ಬಿಗಿ ಮಾಡಿರೋ ಚಿಲಕ" ಎಂದು ಕೂಗಿ ಹೇಳಿ, ಹಿಟ್ಟು ತುಂಬಲು ಹೋದಳು.