ಸದ್ದಿಲ್ಲದ ಸನ್ಮಾನ

ಕೋವಿಡ್ ಮುಗಿದು ಎರಡನೇ ವರ್ಷ ನಾನು ಹೊನ್ನಾಳಿ ಸೀಮೆಯ ಒಂದು ಪಟ್ಟಣ ಪಂಚಾಯಿತಿಗೆ ಮುಖ್ಯಾಧಿಕಾರಿಯಾಗಿ ವರ್ಗವಾಗಿ ಬಂದೆ. ನಿವೃತ್ತಿಗೆ ಮುಂಚಿನ ಕೊನೆಯ ಜಾಗ ಅದು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿನವರು ನನ್ನನ್ನು ಮತ್ತೆ ಊರೊಳಗೆ ಬಿಟ್ಟುಕೊಳ್ಳಲಾರರು. ಇಲ್ಲವೇ ಬಿಟ್ಟುಕೊಂಡು ಇನ್ನೊಂದು ಸನ್ಮಾನ ಮಾಡಿಯಾರು. ಎರಡೂ ನನಗೆ ಬೇಡ. ನಾನು ಜಗಳೂರು ಕಡೆಯವಳು. ನಮ್ಮ ಕಡೆಯ ಜನಕ್ಕೆ ಮಾತು ಕಡಿಮೆ. ನನಗೂ ಕಡಿಮೆಯೇ, ಸಿಟ್ಟು ಬಂದಾಗ ಬಿಟ್ಟು.

ಊರಿನ ಗಡಿಗೆ ಅಂಟಿಕೊಂಡಂತೆ ಒಂದು ಸಣ್ಣ ವಿಮಾನ ನಿಲ್ದಾಣವಾಗಿತ್ತು. ಪ್ರಯಾಣಿಕರ ವಿಮಾನ ಅಲ್ಲಿಗೆ ಬರುತ್ತಿರಲಿಲ್ಲ. ಪೈಲಟ್ ಆಗುವವರಿಗೆ ತರಬೇತಿ ಕೊಡುವ ಖಾಸಗಿ ಶಾಲೆಯೊಂದು ಅದನ್ನು ನಡೆಸುತ್ತಿತ್ತು. ಮೊದಲ ವಿಮಾನ ಇಳಿದ ದಿನ ಊರಿನವರು ತಾರಸಿ ಹತ್ತಿ ಕೈಬೀಸಿದ್ದರಂತೆ, ಲಾಡು ಹಂಚಿದ್ದರಂತೆ. ಲಾಡು ಕರಗುವಷ್ಟರಲ್ಲಿ ಸರ್ಕ್ಯೂಟ್ ಶುರುವಾಯಿತು. ಸರ್ಕ್ಯೂಟ್ ಎಂದರೆ ವಿಮಾನ ಏರುವುದು, ಒಂದು ಸುತ್ತು ಹಾಕುವುದು, ಇಳಿದು ಚಕ್ರ ನೆಲಕ್ಕೆ ತಾಗಿಸಿ ನಿಲ್ಲದೆ ಮತ್ತೆ ಏರುವುದು. ಕಲಿಯುವವರು ಇದನ್ನು ಬೆಳಗಿನಿಂದ ಸಂಜೆಯವರೆಗೆ ಮಾಡುತ್ತಲೇ ಇರಬೇಕು. ಏರುವಾಗ ಎಂಜಿನ್ನಿಗೆ ಪೂರ್ತಿ ಬಲ ಕೊಡುತ್ತಾರೆ, ಸದ್ದು ಆಗಲೇ ಹೆಚ್ಚು. ಹಾಗೆ ಏರುತ್ತಾ ತಿರುಗುವ ಜಾಗ ಸರಿಯಾಗಿ ನಮ್ಮ ಊರಿನ ನೆತ್ತಿಯ ಮೇಲಿತ್ತು.

ದೂರುಗಳು ಬರತೊಡಗಿದವು. ಟಿವಿ ಕೇಳುವುದಿಲ್ಲ, ಎಮ್ಮೆ ಸೊರ ಬಿಟ್ಟು ಹಾಲು ಕೊಡುವುದಿಲ್ಲ, ಮಧ್ಯಾಹ್ನದ ನಿದ್ದೆ ಹಾಳು. ನಿಜ ಹೇಳಬೇಕೆಂದರೆ ನಾನು ಅವುಗಳನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ನೀರು, ಕಸ, ಬೀದಿದೀಪದ ನಡುವೆ ಎಮ್ಮೆಯ ಮನಸ್ಸನ್ನು ಎಲ್ಲಿ ನೋಡಲಿ? ಒಂದು ದಿನ ಶಾಹೀನಾ ಟೀಚರ್ ಬಂದು ನನ್ನ ಎದುರು ಕುಳಿತರು.

ನಮ್ಮ ಊರಿನ ಹೆದ್ದಾರಿಯ ಪಕ್ಕದಲ್ಲಿ ಅಂಧ ಮಕ್ಕಳ ವಸತಿ ಶಾಲೆ ಇತ್ತು. ಶಾಹೀನಾ ಅಲ್ಲಿ ಪಾಠ ಹೇಳುತ್ತಿದ್ದರು. ಅವರಿಗೂ ಹುಟ್ಟಿನಿಂದ ಕಣ್ಣಿಲ್ಲ. ದಿನಾ ಬಸವಾಪಟ್ಟಣದಿಂದ ಬಸ್ಸಿನಲ್ಲಿ ಬಂದು, ಒಬ್ಬರೇ ರಸ್ತೆ ದಾಟಿ ಶಾಲೆಗೆ ಹೋಗುತ್ತಿದ್ದರು. ಹಾಗೆ ದಾಟುವುದನ್ನೇ ಬೆಳಿಗ್ಗೆ, ಸಂಜೆ ಮಕ್ಕಳನ್ನು ಗೇಟಿನಾಚೆ ಕರೆದುಕೊಂಡು ಹೋಗಿ ಕಲಿಸುತ್ತಿದ್ದರು. ಯಾವ ಗಾಡಿ, ಎಷ್ಟು ದೂರದಲ್ಲಿದೆ, ಎಷ್ಟು ಜೋರಾಗಿ ಬರುತ್ತಿದೆ ಎಂಬುದನ್ನು ಸದ್ದಿನಿಂದಲೇ ಅಳೆಯುವ ವಿದ್ಯೆ ಅದು.

ಹಿಂದಿನ ವಾರ ಉಬ್ರಾಣಿಯ ಹುಡುಗಿ ಕಾವ್ಯ ರಸ್ತೆ ದಾಟುವಾಗ ಮೇಲೆ ವಿಮಾನ ಬಂದಿತ್ತು. ಅಡಿಕೆ ತುಂಬಿದ ಟೆಂಪೊ ಬಂದದ್ದು ಅವಳಿಗೆ ಕೇಳಲಿಲ್ಲ. ಡ್ರೈವರ್ ಬ್ರೇಕ್ ಹಾಕಿದ್ದಕ್ಕೆ ಮಗು ಉಳಿಯಿತು. ಅಂದಿನಿಂದ ಮಕ್ಕಳು ಹೊರಗೆ ಬರದಂತೆ ಶಾಲೆಯ ಗೇಟಿಗೆ ಬೀಗ. ಶಾಲೆ ನಡೆಸುವ ಟ್ರಸ್ಟಿನವರು, ಪರೀಕ್ಷೆ ಮುಗಿದ ಮೇಲೆ ಇಲ್ಲಿ ಮುಚ್ಚಿ ಬೇರೆ ಜಿಲ್ಲೆಯ ತಮ್ಮ ಇನ್ನೊಂದು ಶಾಲೆಗೆ ಮಕ್ಕಳನ್ನು ಸೇರಿಸುತ್ತೇವೆ ಎಂದು ಹೇಳಿಬಿಟ್ಟಿದ್ದರು.

"ಅಷ್ಟು ದೂರ ಯಾರೂ ಕಳ್ಸಲ್ಲ ಮೇಡಂ. ಅರ್ಧ ಮಕ್ಕಳು ಮನೀಗೆ ಹೋಗಿ ಮೂಲ್ಯಾಗೆ ಕುಂತ್ಕೋತಾವೆ," ಎಂದರು ಶಾಹೀನಾ.

"ಆಯಾ ಕೈ ಹಿಡಿದು ದಾಟಿಸಬಹುದಲ್ಲ?" ಎಂದೆ.

"ಇವತ್ತು ಆಯಾ ಹಿಡೀತಾರೆ. ನಾಳೆ ದಾವಣಗೆರೆ ಬಸ್‌ಸ್ಟ್ಯಾಂಡ್‌ನಾಗೆ ಯಾರು ಹಿಡೀತಾರ್ರೀ? ನಮಗೆ ಇರೋದೇ ಕಿವಿ. ಅದರ ಮ್ಯಾಲೆ ಕೈ ಇಟ್ಟು ಮುಚ್ಚಿದ್ರೆ ಹೆಂಗೆ?"

ಸಂಜೆ ಶಾಲೆಯ ಮುಂದೆ ಹೋಗಿ ಕಣ್ಣು ಮುಚ್ಚಿ ನಿಂತೆ. ಹೋಗುವವರು ಬರುವವರು ಮುಖ್ಯಾಧಿಕಾರಿಗೆ ಏನೋ ಆಗಿದೆ ಎಂದುಕೊಂಡಿರಬೇಕು. ವಿಮಾನ ತಲೆಯ ಮೇಲೆ ಬಂದಾಗ ಕಣ್ಣು ಬಿಟ್ಟು ನೋಡಿದರೆ ಮಾರು ದೂರದಲ್ಲಿ ಲಾರಿಯೊಂದು ದಾಟಿಹೋಗುತ್ತಿತ್ತು. ಅದರ ಗಾಳಿ ಮುಖಕ್ಕೆ ಬಡಿಯಿತೇ ಹೊರತು ಸದ್ದು ಕೇಳಿರಲಿಲ್ಲ. ನನಗೆ ಭಯವಾಯಿತು, ಆಮೇಲೆ ಸಿಟ್ಟು ಬಂತು. ಈ ಶಾಲೆ ಇಲ್ಲಿಂದ ಹೋಗಕೂಡದು ಎಂದು ಅಲ್ಲಿಯೇ ನಿಶ್ಚಯಿಸಿದೆ.

ಮರುದಿನವೇ ವಿಮಾನ ನಿಲ್ದಾಣಕ್ಕೆ ಹೋದೆ. ಅಲ್ಲಿನ ವ್ಯವಸ್ಥಾಪಕರು ನರಹರಿ ಎಂಬುವರು, ಮೈಸೂರಿನವರು, ಮಾತಿನಲ್ಲಿ ಬಹಳ ನಯ. ಕಾಫಿ ಕೊಟ್ಟರು. ಎಲ್ಲವನ್ನೂ ಕೇಳಿಸಿಕೊಂಡು, "ಮೇಡಂ, ನಿಮ್ಮ ಪಂಚಾಯಿತಿಯ ಅಧಿಕಾರ ನೆಲದ ಮೇಲೆ. ಆಕಾಶ ನಿಮ್ಮ ವಾರ್ಡಿಗೆ ಬರುವುದಿಲ್ಲ," ಎಂದು ನಕ್ಕರು.

"ಆಕಾಶ ನಿಮ್ಮದೇ ಇರಲಿ. ಸದ್ದು ಬಂದು ಬೀಳುವುದು ನನ್ನ ನೆಲದ ಮೇಲೆ," ಎಂದೆ. ಅವರು ನಗು ನಿಲ್ಲಿಸಿದರು. ಕೊನೆಗೆ ಜಂಟಿ ಪರಿಶೀಲನೆಗೆ ಒಪ್ಪಿದರು. ಶಬ್ದಮಾಪಕ ತರುವ ತಜ್ಞರೊಬ್ಬರ ಜೊತೆ ಬಂದು, ಶಾಲೆಯ ಮುಂದೆಯೇ ಅಳತೆ ಮಾಡೋಣ ಎಂದು ತೀರ್ಮಾನವಾಯಿತು.

ಈ ಸುದ್ದಿಯನ್ನು ನಮ್ಮ ಪಂಚಾಯಿತಿ ಅಧ್ಯಕ್ಷ ಹಾಲೇಶಪ್ಪನವರಿಗೆ ಹೇಳಿದೆ. ಹಾಲೇಶಪ್ಪ ಒಳ್ಳೆಯ ಮನುಷ್ಯ. ಅವರಿಗೆ ಒಂದೇ ಒಂದು ಹುಚ್ಚು, ಊರಿಗೆ ಯಾರೇ ಬರಲಿ ಬರಿಗೈಲಿ ಕಳಿಸಬಾರದು. ಹೊಸ ಬಸ್ ಡ್ರೈವರಿಗೂ ಶಾಲು ಹೊದಿಸಿದವರು. "ಚಾ, ಮಂಡಕ್ಕಿ ಯವಸ್ಥೆ ನಾ ನೋಡ್ಕೋತೀನಿ ಬಿಡ್ರಿ," ಎಂದರು. ಚಹಾ, ಮಂಡಕ್ಕಿ ತಾನೇ ಎಂದು ನಾನು ಸುಮ್ಮನಾದೆ.

ಪರಿಶೀಲನೆಯ ದಿನ ಶಾಲೆಯ ರಸ್ತೆಗೆ ತಿರುಗಿದರೆ, ತಳಿರುತೋರಣ, ಶಾಮಿಯಾನ, ಡೊಳ್ಳು, ಬ್ಯಾಂಡ್‌ಸೆಟ್, ಎರಡೂ ಕಡೆ ಮೈಕು. ನರಹರಿಯವರ ಜೀಪು ಕಂಡದ್ದೇ ತಡ, ಪಟಾಕಿ ಸರ ಹೊತ್ತಿಸಿದರು. ಪೇಟ ತೊಡಿಸಿದರು, ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು. ಹಾಲೇಶಪ್ಪ ಮೈಕಿನಲ್ಲಿ ಶಬ್ದ ಮಾಲಿನ್ಯದ ವಿರುದ್ಧ ಕೂಗಿ ಕೂಗಿ ಭಾಷಣ ಮಾಡಿದರು. ಪಕ್ಕದಲ್ಲಿ ತಜ್ಞರು ಶಬ್ದಮಾಪಕ ಹಿಡಿದುಕೊಂಡು ಎಲ್ಲವನ್ನೂ ಅಳೆಯುತ್ತಿದ್ದರು. ಮೇಲೆ ವಿಮಾನಗಳು ಒಂದಾದ ಮೇಲೊಂದು ಹೋದವು.

"ಹೋಯಿತೇ ಮೇಡಂ? ನನಗೆ ಕೇಳಲೇ ಇಲ್ಲ," ಎಂದರು ನರಹರಿ, ಹಾರದ ಒಳಗಿನಿಂದ.

ವರದಿ ಬಂತು. ವಿಮಾನದ ಸದ್ದಿಗಿಂತ ಊರಿನ ಸದ್ದೇ ಜಾಸ್ತಿ ಎಂದಿತ್ತು. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ತೋರಿಸಿದರು ಎಂದು ನ್ಯಾಮತಿಯಿಂದ ಚನ್ನಗಿರಿವರೆಗೆ ಜನ ನಕ್ಕರು. ಹೊನ್ನಾಳಿ ಹೊಡೆತ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ, ಆ ವಾರ ತಿಂದೆ. ಟ್ರಸ್ಟಿನವರು ಹಾಸ್ಟೆಲಿನ ಮಂಚಗಳನ್ನು ಎಣಿಸಲು ಆಳು ಕಳಿಸಿದರು.

ಹಾಲೇಶಪ್ಪನವರನ್ನು ಕರೆಸಿ ಬಾಯಿಗೆ ಬಂದಂತೆ ಬೈದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ, "ಮನೀಗೆ ಬಂದೋರಿಗೆ ಮರ್ಯಾದಿ ಮಾಡೋದು ತಪ್ಪೇನ್ರೀ ಮೇಡಂ? ನಮಗೆ ಇನ್ನೆಂಗೆ ಮಾಡಾಕೆ ಬರ್ತೈತೆ?" ಎಂದರು. ಕಣ್ಣಲ್ಲಿ ನೀರಿತ್ತು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಪಕ್ಕದಲ್ಲಿ ಶಾಹೀನಾ ಕುಳಿತಿದ್ದರು. ಅವರೇ ಮೆಲ್ಲಗೆ ಹೇಳಿದರು: "ಅಣ್ಣಾರೆ, ಇನ್ನೊಂದು ಸಲ ಕರೀರಿ. ಈ ಸಲ ಸುಮ್ಮನಿರೋದೇ ಮರ್ಯಾದಿ ಅಂತ ತಿಳ್ಕಳ್ರಿ."

ನರಹರಿಯವರನ್ನು ಮತ್ತೆ ಒಪ್ಪಿಸಲು ನಾನು ಎಷ್ಟು ಸಲ ಅವರ ಕಾಫಿ ಕುಡಿದೆನೋ ಲೆಕ್ಕವಿಲ್ಲ. ಬೇಡ ಎಂದಷ್ಟೂ ಹೋಗಿ ಕುಳಿತೆ. ಕೊನೆಗೆ, "ಪೇಟ ತೊಡಿಸುವುದಿಲ್ಲ ಎಂದು ಮಾತು ಕೊಡಿ, ಬರುತ್ತೇನೆ," ಎಂದರು.

ಇತ್ತ ಹಾಲೇಶಪ್ಪ ಬೀದಿ ಬೀದಿ ತಿರುಗಿದರು. ಹಿಟ್ಟಿನ ಗಿರಣಿಯವರು, ಅಡಿಕೆ ಸುಲಿಯುವ ಯಂತ್ರದವರು, ವೆಲ್ಡಿಂಗ್ ಅಂಗಡಿಯವರು, ತರಕಾರಿ ಕೂಗಿ ಮಾರುವವರು, ಯಾರನ್ನೂ ಬಿಡಲಿಲ್ಲ. ಮಸೀದಿ ಕಮಿಟಿಯವರೂ ಗುಡಿಯವರೂ ಆ ಬೆಳಿಗ್ಗೆ ಮೈಕು ಹಚ್ಚುವುದಿಲ್ಲ ಎಂದರು. ಬ್ಯಾಂಡ್‌ಸೆಟ್ಟಿನ ಬಾಷಾ ಸಾಬರಂತೂ, "ಬಾರ್ಸಬ್ಯಾಡ ಅಂತ ನಮಗೆ ವೀಳ್ಯ ಕೊಟ್ಟೋರು ನೀವೇ ಮೊದಲು," ಎಂದು ನಕ್ಕು, ಎಲೆ ಅಡಿಕೆ ತೆಗೆದುಕೊಂಡರಂತೆ.

ಆ ಬೆಳಿಗ್ಗೆಯನ್ನು ನಾನು ಮರೆಯುವುದಿಲ್ಲ. ಊರು ಎದ್ದಿತ್ತು, ಅಂಗಡಿಗಳು ತೆರೆದಿದ್ದವು, ಜನ ರಸ್ತೆಯ ಎರಡೂ ಬದಿಗೆ ನಿಂತಿದ್ದರು, ಆದರೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಆಟೊಗಳನ್ನು ತಳ್ಳಿಕೊಂಡು ಹೋಗುತ್ತಿದ್ದರು. ಹೆದ್ದಾರಿಯ ಗಾಡಿಗಳನ್ನು ಅಳತೆ ಮುಗಿಯುವವರೆಗೆ ಊರಾಚೆ ತಡೆದಿದ್ದೆವು. ನರಹರಿ ಜೀಪಿನಿಂದ ಇಳಿದು, ಯಾರಾದರೂ ತೀರಿಕೊಂಡರೇ ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿದರು.

ಶಬ್ದಮಾಪಕದ ಸಂಖ್ಯೆ ನಲವತ್ತರ ಆಸುಪಾಸಿನಲ್ಲಿತ್ತು. ಸದ್ದನ್ನು ಡೆಸಿಬಲ್ ಲೆಕ್ಕದಲ್ಲಿ ಅಳೆಯುತ್ತಾರೆ. ನಲವತ್ತೆಂದರೆ ಎಲೆ ಅಲುಗಿದ್ದೂ ಕೇಳುವಷ್ಟು ಮೌನ. ವಿಮಾನ ಬಂತು. ಸಂಖ್ಯೆ ಎಂಬತ್ತು ದಾಟಿತು. ತಜ್ಞರು ಬರೆದುಕೊಂಡರು. ನನ್ನ ಕೆಲಸ ಅಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ.

ಶಾಹೀನಾ ಟೀಚರ್ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. "ಸಾರ್, ಸಂಖ್ಯೆ ಮಾಪಕಕ್ಕೆ ತಿಳೀತು. ನಿಮಗೆ ತಿಳೀಬೇಕಲ್ರೀ?" ಎಂದು ತಮ್ಮ ದುಪಟ್ಟಾ ಮುಂದೆ ಹಿಡಿದರು. ನರಹರಿ ತಾವೇ ಅದನ್ನು ತೆಗೆದುಕೊಂಡು ಕಣ್ಣಿಗೆ ಕಟ್ಟಿಕೊಂಡರು. ತಡೆದ ಗಾಡಿಗಳನ್ನು ಹಾಗೆಯೇ ನಿಲ್ಲಿಸಿ, ಒಂದೇ ಒಂದು ಆಟೊವನ್ನು ಬಿಡಲು ಹೇಳಿದೆ. ಅದರಲ್ಲಿ ಹಾಲೇಶಪ್ಪ ಕುಳಿತಿದ್ದರು, ಬ್ರೇಕಿನ ಮೇಲೆ ಡ್ರೈವರನ ಕಾಲಿತ್ತು. ಮೊದಲ ಸಲ ಆಟೊ ಬಂದಾಗ ನರಹರಿ ದೂರದಿಂದಲೇ ಸದ್ದು ಹಿಡಿದರು, ನಿಂತರು, ದಾಟಿಹೋದ ಮೇಲೆ ಹೆಜ್ಜೆ ಇಟ್ಟರು. "ಇದರಲ್ಲಿ ಏನು ಕಷ್ಟ?" ಎಂದರು. ಎರಡನೇ ಸಲ ಮೇಲೆ ವಿಮಾನವಿತ್ತು. ಅವರು ತುಂಬ ಹೊತ್ತು ಕಿವಿಗೊಟ್ಟು ನಿಂತು, ರಸ್ತೆ ಖಾಲಿಯೆಂದು ನಂಬಿ ನಡೆದರು.

ಕಣ್ಣಿನ ಬಟ್ಟೆ ಬಿಚ್ಚಿದಾಗ ಆಟೊದ ಮುಂದಿನ ಚಕ್ರ ಅವರ ಮೊಣಕಾಲಿನಿಂದ ಒಂದು ಗೇಣು ಆಚೆ ನಿಂತಿತ್ತು. "ಎಷ್ಟು ಮಕ್ಕಳು ದಾಟುತ್ತಾರೆ?" ಎಂದು ಮಾತ್ರ ಕೇಳಿದರು.

ಮರುದಿನವೇ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾದೀತು. ಸುತ್ತನ್ನು ಕೆರೆಯ ಕಡೆಗೆ ತಿರುಗಿಸಿ ಎಂದೆ. ಕೆರೆಯಲ್ಲಿ ಕೊಕ್ಕರೆಗಳಿವೆ, ಹಕ್ಕಿ ಎಂಜಿನ್ನಿಗೆ ಬಡಿದರೆ ಕಲಿಯುವ ಹುಡುಗರ ಪ್ರಾಣಕ್ಕೆ ಅಪಾಯ ಎಂದರು. ಅದೂ ನ್ಯಾಯವೇ. ಕೂತು, ಎದ್ದು, ಜಗಳವಾಡಿ, ಅವರ ಮೇಲಿನವರ ಅಪ್ಪಣೆಗೆ ಕಾದು, ಕೊನೆಗೆ ಎರಡು ಮಾತಿಗೆ ಬಂದೆವು. ವಿಮಾನಗಳು ನೇರ ಏರಿ ಊರಿನಿಂದ ದೂರದ ಕಾಲುವೆ ದಾಟಿದ ಮೇಲಷ್ಟೇ ತಿರುಗಬೇಕು. ಮಕ್ಕಳು ರಸ್ತೆ ದಾಟುವ ಬೆಳಗಿನ, ಸಂಜೆಯ ಹೊತ್ತಿನಲ್ಲಿ ಸರ್ಕ್ಯೂಟ್ ಇರಬಾರದು. ಉಳಿದ ಹೊತ್ತಿನ ಸದ್ದು ಕಡಿಮೆಯಾಯಿತು, ಪೂರಾ ಹೋಗಲಿಲ್ಲ. ಎಮ್ಮೆಗಳ ವಿಷಯ ಈಗಲೂ ನನಗೆ ಗೊತ್ತಿಲ್ಲ. ಟ್ರಸ್ಟಿನವರು ಶಾಲೆ ಮುಚ್ಚುವ ಮಾತು ಬಿಟ್ಟರು.

ನೌಕರಿಯುದ್ದಕ್ಕೂ ನಾನು ಬೇರೆಯವರಿಗೆ ನಿಯಮ ಹೇಳಿ ಬಾಳಿದವಳು. ನ್ಯಾಯ ಕೇಳಲು ಗಟ್ಟಿ ದನಿ ಬೇಕೆಂದು ನಂಬಿದ್ದೆ. ಪಕ್ಕದವನಿಗೆ ಸುಮ್ಮನಿರು ಎನ್ನುವ ಮೊದಲು ನಾವು ಸುಮ್ಮನಿದ್ದು ತೋರಿಸಬೇಕು ಎಂಬುದನ್ನು ಆ ಊರು ನನಗೆ ಕಲಿಸಿತು.

ಗೇಟಿನ ಬೀಗ ತೆಗೆದ ಬೆಳಿಗ್ಗೆ ಮೊದಲು ದಾಟಲು ನಿಂತವಳು ಕಾವ್ಯ. ಶಾಹೀನಾ ಅವಳ ಹಿಂದೆ, ಕೈ ಹಿಡಿಯದೆ ನಿಂತಿದ್ದರು. ರಸ್ತೆಯ ಆಚೆ ಅರ್ಧ ಊರೇ ನೆರೆದಿತ್ತು. ಹಾಲೇಶಪ್ಪ ಡೊಳ್ಳಿನವರನ್ನು ಕರೆಸಿಯೇ ಇದ್ದರು. ಆದರೆ ಕೋಲುಗಳನ್ನೆಲ್ಲ ತಾವೇ ಕಂಕುಳಲ್ಲಿ ಅವುಚಿಕೊಂಡಿದ್ದರು. ಹುಡುಗಿ ತಲೆ ವಾಲಿಸಿ ಆಲಿಸಿದಳು.

"ಯಾರೂ ಬಂದಿಲ್ಲೇನ್ರೀ?" ಎಂದಳು.

"ಎಲ್ಲಾ ಇದೀವವ್ವ," ಎಂದರು ಹಾಲೇಶಪ್ಪ, ಆದಷ್ಟು ಮೆಲ್ಲಗೆ. "ನೀ ದಾಟು."