ಲಿಲ್ಲಿ ಗಿಡ ಮತ್ತು ಒಂದು ತುಂಡು ಮಲ್ ಬಟ್ಟೆ

1963ರಲ್ಲಿ ನಾನು ಶಿವಮೊಗ್ಗದಲ್ಲಿ ಹವಾಮಾನ ಅಬ್ಸರ್ವರ್ ಆಗಿದ್ದೆ. ಬೆಳಗ್ಗೆ ಎಂಟೂವರೆಗೆ ಮತ್ತು ಸಂಜೆ ಐದೂವರೆಗೆ ಉಷ್ಣತೆ, ತೇವಾಂಶ, ಮಳೆಯ ಅಳತೆ ತೆಗೆದು ತಂತಿ ಕಳಿಸುವುದು ನನ್ನ ಕೆಲಸ. ತೇವಾಂಶಕ್ಕೆ ಎರಡು ಥರ್ಮಾಮೀಟರು ಬೇಕು. ಒಂದನ್ನು ಹಾಗೇ ಬಿಡುತ್ತೇವೆ. ಇನ್ನೊಂದರ ಪಾದರಸವಿರುವ ಬುಡಕ್ಕೆ ತೆಳುವಾದ ಮಲ್ ಬಟ್ಟೆ ಕಟ್ಟಿ, ಅದರ ಬತ್ತಿಯನ್ನು ನೀರಿನ ಶೀಶೆಯಲ್ಲಿ ಇಳಿಬಿಡುತ್ತೇವೆ. ನೀರು ಆರಿದಂತೆ ಅದು ತಣ್ಣಗಾಗುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದ್ದರೆ ಗಾಳಿ ಒಣಗಿದೆ, ಕಡಿಮೆಯಿದ್ದರೆ ತೇವವಾಗಿದೆ ಎಂದು ಅರ್ಥ.

ಬಟ್ಟೆ ಕಟ್ಟುತ್ತಿದ್ದವಳು ನನ್ನ ಹೆಂಡತಿ ಪದ್ಮಾ. ಗಾಂಧಿ ಬಜಾರಿನಿಂದ ಮಲ್ ತಂದುಕೊಟ್ಟರೆ ಕುದಿಸಿ, ಗಂಜಿ ತೆಗೆದು, ಒಣಗಿಸಿ, ಅಂಗುಲ ಲೆಕ್ಕದಲ್ಲಿ ಕತ್ತರಿಸಿಡುತ್ತಿದ್ದಳು. "ನಿಮ್ಮ ಥರ್ಮಾಮೀಟರಿಗೆ ಲಂಗೋಟಿ ಕಟ್ಟಲಿ ಅಂತಲೇ ನಮ್ಮಪ್ಪ ನನ್ನ ಕೊಟ್ಟಿದ್ದು ಅನ್ಸುತ್ತೆ ಮಾರಾಯ್ರೆ" ಎಂದು ನಗುತ್ತಿದ್ದಳು. ಹಿಂದಿನ ದೀಪಾವಳಿ ಕಳೆದು ಹದಿನೈದು ದಿನಕ್ಕೆ ಅವಳು ತೀರಿಕೊಂಡಳು. ವಿದ್ಯಾನಗರದ ನಮ್ಮ ಮನೆಯ ಗೋಡೆಯ ಮೇಲೆ, ಹಲಗೆಗೆ ಜೋಡಿಸಿದ ನನ್ನ ಸ್ವಂತದ ಒಂದು ಹಳೆಯ ಜೊತೆ ಥರ್ಮಾಮೀಟರು ಇತ್ತು. ಅದಕ್ಕೆ ಅವಳು ಕಟ್ಟಿದ್ದ ಬಟ್ಟೆ, ಎರಡು ಸುತ್ತಿನ ಅವಳ ಗಂಟು ಹಾಗೇ ಉಳಿದವು.

ಫೆಬ್ರವರಿಯಲ್ಲಿ ಭದ್ರಾವತಿಯಿಂದ ಒಬ್ಬರು ಕಚೇರಿಗೆ ಬಂದರು. ಹೆಸರು ಮುನಿಸ್ವಾಮಿ, ಎರಕದ ಕೆಲಸಗಾರರು.

"ಪೇಪರಲ್ಲಿ ಸೆಕೆ ಎಷ್ಟೂಂತ ಬರೆಯೋರು ನೀವೇನಾ ಸಾರ್?"

"ನಾನು ಅಳೆಯೋನು. ಬರೆಯೋರು ಬೇರೆ."

"ಹಾಗಾದ್ರೆ ನೀವೇ ಬೇಕು."

ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಅವರ ಮಗಳು ಸರೋಜಾ ಊಟಿಯಿಂದ ಬಂದ ಲಿಲ್ಲಿ ಗೆಡ್ಡೆಯೊಂದನ್ನು ಕುಂಡದಲ್ಲಿ ನೆಟ್ಟಿದ್ದಳು. ಕಳೆದ ಏಪ್ರಿಲ್‌ನಲ್ಲಿ ಕಾಮಾಲೆಯಾಗಿ ಹೋದಳು. ಹದಿನೇಳು ವರ್ಷ. ಆ ವರ್ಷ ಹೂ ಬಿಟ್ಟಿರಲಿಲ್ಲ. ಈಗ ಗಿಡ ಮೊಣಕಾಲೆತ್ತರ ಬೆಳೆದಿತ್ತು. ಏಪ್ರಿಲ್‌ನಲ್ಲಿ ಬರುವ ವರ್ಷದ ತಿಥಿಗೆ ಅದರ ಹೂವನ್ನು ಅವಳ ಫೋಟೋ ಮುಂದೆ ಇಡಬೇಕು. ಅಷ್ಟೇ ಅವರ ಆಸೆ. ಗೆಡ್ಡೆಯ ಜೊತೆ ಬಂದಿದ್ದ ಕಾಗದದಲ್ಲಿ ಹಗಲು ಇಪ್ಪತ್ತು ಡಿಗ್ರಿ ಆಸುಪಾಸು, ರಾತ್ರಿ ಹದಿನೈದು, ತೇವಾಂಶ ಶೇಕಡಾ ಐವತ್ತರಿಂದ ಅರವತ್ತು ಎಂದಿತ್ತು.

ಭದ್ರಾವತಿಯ ಬೇಸಿಗೆಗೆ ಇಪ್ಪತ್ತು ಡಿಗ್ರಿ ಸಾಧ್ಯವಿಲ್ಲ ಎಂದೆ. ಆದರೂ ಬಿಸಿಲು ತಾಗದ ಉತ್ತರದ ಜಗಲಿಯಲ್ಲಿ ಕುಂಡ ಇಟ್ಟು, ಸುತ್ತ ಒದ್ದೆ ಗೋಣಿ ತೂಗುಹಾಕಿದರೆ ನಾಲ್ಕಾರು ಡಿಗ್ರಿ ಇಳಿಸಬಹುದು. ತೇವಾಂಶ ಮಾತ್ರ ಮಿತಿಮೀರಬಾರದು. ಗಾಳಿಯಾಡದ ತೇವದಲ್ಲಿ ಬೂಷ್ಟು ಹಿಡಿದು ಗೆಡ್ಡೆ ಕೊಳೆಯುತ್ತದೆ. ಅಳೆಯದೆ ಇದನ್ನು ನಡೆಸಲಾಗದು. ಮನೆಗೆ ಕರೆದುಕೊಂಡು ಹೋಗಿ ಗೋಡೆಯ ಮೇಲಿದ್ದ ಆ ಹಲಗೆಯನ್ನೇ ಕೊಟ್ಟೆ. ಕೊಡುವಾಗ ಹೇಳಿದೆ: "ಶೀಶೆಗೆ ನೀರು ಹಾಕ್ತಾ ಇರಿ. ಆ ಬಟ್ಟೆ ಮಾತ್ರ ಬಿಚ್ಚಬೇಡಿ."

ಬಟ್ಟೆಯನ್ನು ವಾರಕ್ಕೊಮ್ಮೆ ಬದಲಿಸಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಕಚೇರಿಯ ಉಪಕರಣಕ್ಕೆ ನಾನು ತಪ್ಪದೆ ಬದಲಿಸುತ್ತಿದ್ದೆ.

ಮುನಿಸ್ವಾಮಿ ಪ್ರತಿ ವಾರ ಕಾರ್ಡು ಬರೆದರು. ಮಾರ್ಚ್ ಮೊದಲ ವಾರ ಐದು ಮೊಗ್ಗು ಬಂದವೆಂದು ತಿಳಿಸಿದರು. ಕೊನೆಯ ವಾರದ ಕಾರ್ಡಿನಲ್ಲಿ ಮಧ್ಯಾಹ್ನದ ಅಳತೆ ಹೀಗಿತ್ತು: ಒಣಗಿದ್ದು ಮೂವತ್ತನಾಲ್ಕು, ಒದ್ದೆಯದು ಮೂವತ್ತು. ಕೋಷ್ಟಕದ ಪ್ರಕಾರ ತೇವಾಂಶ ಶೇಕಡಾ ಎಪ್ಪತ್ತನಾಲ್ಕು. ಆ ದಿನಗಳಲ್ಲಿ ನನ್ನ ಕೇಂದ್ರದಲ್ಲಿ ನಲವತ್ತೂ ದಾಟುತ್ತಿರಲಿಲ್ಲ. ಒದ್ದೆ ಗೋಣಿಯ ಪರಿಣಾಮ ಇರಬೇಕೆಂದುಕೊಂಡೆ. "ತೇವ ಹೆಚ್ಚಾಗಿದೆ. ಗೋಣಿ ತೆಗೆಯಿರಿ, ಕುಂಡಕ್ಕೆ ನೀರು ಅರ್ಧ ಮಾಡಿ" ಎಂದು ಉತ್ತರ ಬರೆದೆ. ಮುಂದಿನ ಕಾರ್ಡಿನಲ್ಲಿ ಎರಡು ಮೊಗ್ಗು ಕಂದಿ ಉದುರಿದ ಸುದ್ದಿಯಿತ್ತು. ಅಳತೆ ಇಳಿದಿರಲಿಲ್ಲ. ನೀರು ಇನ್ನೂ ಕಡಿಮೆ ಮಾಡಿ ಎಂದೆ.

ತಿಥಿಗೆ ನಾಲ್ಕು ದಿನವಿದ್ದಾಗ, ಭಾನುವಾರ, ರೈಲು ಹಿಡಿದು ಭದ್ರಾವತಿಗೆ ಹೋದೆ. ಜಗಲಿಯಲ್ಲಿ ಗಿಡದ ಎಲೆಗಳು ತುದಿಯಿಂದ ಸುಟ್ಟಂತೆ ಒಣಗಿದ್ದವು. ಒಂದೇ ಮೊಗ್ಗು ಉಳಿದಿತ್ತು, ಅದೂ ಕಂದು ಬಣ್ಣಕ್ಕೆ ತಿರುಗಿತ್ತು. ಕುಂಡದ ಮಣ್ಣು ಬಿರುಕು ಬಿಟ್ಟಿತ್ತು. ಥರ್ಮಾಮೀಟರಿನ ಬಟ್ಟೆ ಮುಟ್ಟಿ ನೋಡಿದೆ. ಕಾರ್ಖಾನೆಯ ಮಸಿಯೂ ನೀರಿನ ಉಪ್ಪೂ ಕೂಡಿ ಕಟ್ಟಿಕೊಂಡು ಹಪ್ಪಳದಂತೆ ಗಟ್ಟಿಯಾಗಿತ್ತು. ಶೀಶೆ ತುಂಬಿದ್ದರೂ ನೀರು ತುಸುವೇ ಮೇಲೇರುತ್ತಿತ್ತು, ಬುಡ ಸರಿಯಾಗಿ ತಣ್ಣಗಾಗುತ್ತಿರಲಿಲ್ಲ.

"ಈ ಬಟ್ಟೆ..." ಎಂದೆ.

"ಕೈ ಕೂಡ ಹಾಕಿಲ್ಲ ಸಾರ್. ನೀವು ಬಿಚ್ಚಬೇಡಿ ಅಂದಿದ್ರಲ್ಲ. ನಮ್ಮ ಮನೆಯೋಳು ಒಗೀತೀನಿ ಅಂದ್ಲು. ಬೈದೆ ಅವಳಿಗೆ."

ಚೀಲದಲ್ಲಿ ಹೊಸ ಬಟ್ಟೆಯಿತ್ತು. ಅವರ ಮನೆಯ ಕತ್ತರಿ ಕೇಳಿದೆ. ಗಂಟನ್ನು ಕತ್ತರಿಸಿದೆ. ಹೊಸ ಬಟ್ಟೆ ಕಟ್ಟಿ ನೆನೆಸಿ ಹತ್ತು ನಿಮಿಷ ಕಾದೆವು. ಪಾದರಸ ಮೂವತ್ತರಿಂದ ಇಳಿಯುತ್ತ ಇಳಿಯುತ್ತ ಇಪ್ಪತ್ತೆರಡಕ್ಕೆ ನಿಂತಿತು. ಒಣಗಿದ್ದು ಮೂವತ್ತನಾಲ್ಕರಲ್ಲೇ ಇತ್ತು. ತೇವಾಂಶ ಶೇಕಡಾ ಮೂವತ್ತೈದು. ಒಣಗಿ ಸಾಯುತ್ತಿದ್ದ ಗಿಡಕ್ಕೆ ನೀರು ಕೊಡಬೇಡಿ ಎಂದು ಮೂರು ವಾರ ನಾನೇ ಬರೆದಿದ್ದೆ.

ಮುಚ್ಚಿಡಲಿಲ್ಲ, ಎಲ್ಲ ಹೇಳಿದೆ. ಅದು ಪದ್ಮಾ ಕಟ್ಟಿದ ಗಂಟು ಎಂದೂ ಹೇಳಿದೆ.

ಮುನಿಸ್ವಾಮಿ ಕೆಳಗೆ ಬಿದ್ದಿದ್ದ ಬಟ್ಟೆಯ ತುಂಡು, ದಾರ ಹೆಕ್ಕಿ, ಪೇಪರಿನ ಚೂರಿನಲ್ಲಿ ಮಡಿಸಿ ನನ್ನ ಕೈಗಿಟ್ಟರು.

"ಅವತ್ತೇ ಹೇಳಬಾರದಿತ್ತಾ ಸಾರ್? ಇದನ್ನ ನಿಮಗೇ ಬಿಚ್ಚಿ ಕೊಟ್ಟು, ನಾನು ಬೇರೆ ಕಟ್ಕೋತಿದ್ದೆ."

ಕೊನೆಯ ಮೊಗ್ಗು ತಿಥಿಯ ಹಿಂದಿನ ದಿನ ಉದುರಿತೆಂದು ಕಾರ್ಡು ಬಂತು. ಬಾಡಿದ್ದನ್ನೇ ಫೋಟೋ ಮುಂದೆ ಇಟ್ಟರಂತೆ. ಮರುವರ್ಷ ಗೆಡ್ಡೆ ಚಿಗುರಲಿಲ್ಲ.

ಮುಂದೆ ನನ್ನ ಕೈಕೆಳಗೆ ಅನೇಕರು ತರಬೇತಿ ಪಡೆದರು. ಅಂಕಿ ಓದುವ ಮೊದಲು ಬಟ್ಟೆ ಮುಟ್ಟಿ ನೋಡಿ ಎಂದು ಪ್ರತಿಯೊಬ್ಬರಿಗೂ ಹೇಳಿದೆ. ಯಾರು ಕಟ್ಟಿದ್ದೇ ಆಗಲಿ, ಏಳನೆಯ ದಿನ ಬಿಚ್ಚಲೇಬೇಕು. ಏಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಮೇಜಿನ ಡ್ರಾಯರಿನಲ್ಲಿದ್ದ ಆ ಪೇಪರಿನ ಚೂರನ್ನು ತೋರಿಸುತ್ತಿದ್ದೆ.