ಮರಿಯಾನೆಯ ಅವ್ವ

ಹೈದರಾಬಾದಿನಲ್ಲಿ ಅನಿಮೇಷನ್ ಕೆಲಸಕ್ಕಿದ್ದಾಗ, ನಾವೇ ಮಾಡಿದ ಮರಿಯಾನೆಯ ಹಿಂದಿ ಸಿನಿಮಾ ನೋಡಲು ಸಿಕಂದರಾಬಾದಿನ ಥಿಯೇಟರಿಗೆ ಹೋಗಿದ್ದೆ. ಸೀಟುಗಳು ಬಹುತೇಕ ಖಾಲಿ. ಆನೆ ನಡೆದರೆ ಜಾರಿದಂತೆ ಕಾಣುತ್ತಿತ್ತು. ತುಟಿ ಒಂದು ಕಡೆ, ಮಾತು ಒಂದು ಕಡೆ. ಕಥೆಯೆಂದರೆ ಬರೀ ಹೊಡೆದಾಟ.

ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ಆಪರೇಷನ್ ಆಗಿ ಆಕೆಯ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿತ್ತು. ರಾಯಚೂರಿನ ರೈಲಿಗೆ ಇನ್ನೂ ಹೊತ್ತಿದೆಯೆಂದು ಬಿಸಿಲು ತಪ್ಪಿಸಿಕೊಳ್ಳಲು ಬಂದಿದ್ದರೆಂದು ಅವರ ಮಾತಿನಿಂದ ತಿಳಿಯಿತು. ಆಕೆಗೆ ಹಿಂದಿ ತಿಳಿಯದು.

“ಈಗೇನಾಗಾಕತ್ತೈತ್ರಿ?” ಎಂದು ಗಂಡನನ್ನು ಕೇಳಿದರು.

ತೆರೆಯ ಮೇಲೆ ಆನೆ ಹುಲಿಯನ್ನು ಒದೆಯುತ್ತಿತ್ತು.

“ಮರಿ ಅವ್ವನ್ನ ಹುಡುಕಾಕತ್ತೈತಿ. ಅಕಿ ಹೊಳಿ ದಾಟಿ ಬರಾಕತ್ತಾಳ,” ಎಂದರು ಮುದುಕರು.

ನಮ್ಮ ಸಿನಿಮಾದಲ್ಲಿ ಹೊಳೆಯೂ ಇರಲಿಲ್ಲ, ಅವ್ವನೂ ಇರಲಿಲ್ಲ. ಆಕೆ ಗಂಡನ ಕೈ ಹಿಡಿದು ಕೇಳುತ್ತಿದ್ದರು. ನಾನೂ ತೆರೆ ನೋಡುವುದು ಬಿಟ್ಟು ಅದನ್ನೇ ಕೇಳುತ್ತ ಕೂತೆ.

ಮುಗಿದ ಮೇಲೆ, “ಹುಷಾರ್‌ರಿ, ಮೆಟ್ಟಿಲು ಐತಿ,” ಎಂದೆ. ಕನ್ನಡ ಕೇಳಿ ಆಕೆ ಅರಳಿದರು. “ನಮ್ಮ ಕಡೆಯವರೇನ್ರಿ? ಪಿಕ್ಚರ್ ಹೆಂಗಿತ್ರಿ?”

ಮುದುಕರು ಗಾಬರಿಯಿಂದ ನನ್ನತ್ತ ನೋಡಿ ಕೈ ಮುಗಿದರು.

“ಭಾಳ ಚಲೋ ಇತ್ರಿ ಅವ್ವಾ. ಮರಿಗೆ ತಾಯಿ ಸಿಕ್ಕಾಗ ನನಗೂ ಕಣ್ಣಾಗ ನೀರು ಬಂತು,” ಎಂದೆ.

ನಮ್ಮ ಆ ಸಿನಿಮಾವನ್ನು ಯಾರಾದರೂ ಹೊಗಳಿದ್ದು ಅದೊಂದೇ ಸಲ, ಹೊಗಳಿದವನೂ ನಾನೇ.